ಕಾಣದ ಕೆಂಪು ಚುಕ್ಕಿ

ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಅಣಬೆ ಸಂಘದ ಅಧ್ಯಕ್ಷ ತನ್ನ ಸ್ವಂತ ಅಕ್ಕನ ಬಾಯಿ ಮುಚ್ಚಿಸಿದ. ಅದಕ್ಕೆ ಅವನಿಗೆ ಬೇಕಾದದ್ದು ಒಂದು ಬೆರಳು ಮಾತ್ರ.

ಅವನಿದ್ದದ್ದು ಹಳೆಯ ಗ್ರಂಥಾಲಯ ಕಟ್ಟಡದ ಎರಡನೇ ಮಹಡಿಯ ಸಭಾಂಗಣದಲ್ಲಿ, ನಲವತ್ತು ಜನರ ಎದುರು. ಅವಳಿದ್ದದ್ದು ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ, ತನ್ನ ಮನೆಯ ಊಟದ ಮೇಜಿನ ಮುಂದೆ, ಮಗಳ ಲ್ಯಾಪ್‌ಟಾಪಿನ ಎದುರು. ಅವಳು ಹೇಳಿದ್ದು ಒಂದೇ ಮಾತು.

“ಪುಟ್ಟಾ, ನಿನ್ನ ಚುಕ್ಕಿ ನಮಗೆ ಕಾಣ್ತಿಲ್ಲ ಕಣೋ.”

ಆ ಮಾತು ಸಭಾಂಗಣದ ಸ್ಪೀಕರಿನಲ್ಲಿ ಎರಡು ಸಲ ಮೊಳಗಿ ಮೂರನೇ ಸಲಕ್ಕೆ ಬರೀ ಕೀರಲು ಸದ್ದಾಯಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು.

“ಅಕ್ಕಾ, ಎಲ್ಲರಿಗೂ ತೊಂದ್ರೆ ಆಗತ್ತೆ. ಪ್ರಶ್ನೆಗಳು ಕೊನೇಲಿ,” ಎಂದ ಅಧ್ಯಕ್ಷ. ಮನೆಗಳಿಂದ ಸಭೆ ನೋಡುತ್ತಿದ್ದ ಆರೂ ಮಂದಿಯನ್ನು ಒಟ್ಟಿಗೆ ಮ್ಯೂಟ್ ಮಾಡಿದ. ತಾವಾಗಿ ಮೈಕ್ ತೆರೆದುಕೊಳ್ಳುವ ದಾರಿಯನ್ನೂ ಮುಚ್ಚಿದ. ಮನೆಯವರ ಮುಖಗಳು ಕಾಣುತ್ತಿದ್ದ ಕಂಪ್ಯೂಟರನ್ನು ಗೋಡೆಯ ಕಡೆ ತಿರುಗಿಸಿಟ್ಟ; ದೊಡ್ಡ ಪರದೆಗೆ ಹೋಗುತ್ತಿದ್ದದ್ದು ಅಣಬೆಯ ಚಿತ್ರ ಮಾತ್ರ. ಬರೆದು ಕಳಿಸುವ ಚಾಟ್ ಹಿಂದಿನ ತಿಂಗಳೇ ಮುಚ್ಚಿಹೋಗಿತ್ತು. ಯಾರೋ ಉಪನ್ಯಾಸದ ನಡುವೆ ಮೊಮ್ಮಗುವಿನ ಫೋಟೋ ಹಾಕಿದ್ದರು ಎಂಬುದು ಕಾರ್ಯದರ್ಶಿ ಕೊಟ್ಟ ಕಾರಣ.

ಸಂಘದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಕಕ್ಕ ಎಂದು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ನಿವೃತ್ತಿಯಾಗುವವರೆಗೂ ಕೂಗಿ ಹೇಳಿದವಳು ಅವಳು. ಕರೆಂಟು ಹೋದ ದಿನಗಳಲ್ಲಿ ಮೈಕಿಲ್ಲದೆಯೇ ಕೂಗುತ್ತಿದ್ದಳು. ಆಗಲೂ ಯಾರೂ ಬಸ್ ತಪ್ಪಿಸಿಕೊಳ್ಳಲಿಲ್ಲ ಎಂದು ನಿಲ್ದಾಣದವರು ಇಂದಿಗೂ ಹೇಳುತ್ತಾರೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ನಾಲ್ಕು ಕಾಲಿನ ಊರುಗೋಲು ಹಿಡಿದು ಸಮನೆಲದಲ್ಲಿ ನಡೆಯಬಲ್ಲಳು. ಮೆಟ್ಟಿಲು ಹತ್ತಲಾರಳು.

ಅವಳ ತಮ್ಮ ವೃತ್ತಿಯಲ್ಲಿ ಹಲ್ಲಿನ ಡಾಕ್ಟರ್. ಅಣಬೆ ನೋಡುವುದನ್ನು ಅವನಿಗೆ ಕಲಿಸಿದವಳು ಅವಳೇ, ಅವನು ಚಡ್ಡಿ ಹಾಕುವ ವಯಸ್ಸಿನಲ್ಲಿ, ಕೈ ಹಿಡಿದು ಕಾಡಿಗೆ ಕರೆದೊಯ್ದು. ಸಂಘ ಕಟ್ಟಿದವರೂ ಅವರಿಬ್ಬರೇ. ಮೊದಲು ಸಭೆ ಅದೇ ಕಟ್ಟಡದ ನೆಲಮಹಡಿಯಲ್ಲಿ ಸೇರುತ್ತಿತ್ತು. ಎರಡನೇ ಮಹಡಿಯಲ್ಲಿ ದೊಡ್ಡ ಪರದೆ ಬಂದ ಮೇಲೆ ಸಂಘವೂ ಮೇಲೆ ಹೋಯಿತು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಸಭೆಯನ್ನು ಕೆಳಕ್ಕೆ ತನ್ನಿ ಎಂದು ಅವಳು ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: “ನಿಮಗೆ ಇಂಟರ್ನೆಟ್ ಇದೆಯಲ್ಲ, ಮೈಕಕ್ಕ. ಕಾಲು ಚಾಚಿ ಕೂತು ನೋಡಬಹುದು.”

ಕಾಲು ಚಾಚಿ ಕೂತು ಅವಳು ನೋಡುತ್ತಿದ್ದದ್ದೇನು ಎಂಬುದನ್ನು ಯಾರೂ ವಿಚಾರಿಸಲಿಲ್ಲ.

ಸಂಘದಲ್ಲಿ ಒಂದು ಪದ್ಧತಿ. ಉಪನ್ಯಾಸದ ಚಿತ್ರಗಳ ಮೇಲೆ ಅಕ್ಷರ ಇರಕೂಡದು. ಹೆಸರಿಲ್ಲ, ಬಾಣದ ಗುರುತಿಲ್ಲ. ಬರೀ ಚಿತ್ರ. ಮಾತನಾಡುವವರು ಕೈಯಲ್ಲಿ ಲೇಸರ್ ಪೆನ್ನು ಹಿಡಿದು, ಅದರ ಕೆಂಪು ಚುಕ್ಕಿಯನ್ನು ಪರದೆಯ ಮೇಲೆ ಆಡಿಸುತ್ತಾ ‘ಇದು ನೋಡಿ, ಇಲ್ಲಿ ನೋಡಿ’ ಎನ್ನುತ್ತಾರೆ. ಸಭಾಂಗಣದಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಚುಕ್ಕಿ ಬೀಳುವುದು ಗೋಡೆಯ ಪರದೆಯ ಮೇಲೆ, ಕಂಪ್ಯೂಟರಿನೊಳಗಲ್ಲ. ಇಂಟರ್ನೆಟ್ಟಿನಲ್ಲಿ ಹೋಗುವುದು ಚಿತ್ರ ಮತ್ತು ವೇದಿಕೆಯ ಮೈಕಿಗೆ ಸಿಕ್ಕಷ್ಟು ಮಾತು. ಮನೆಯಲ್ಲಿ ಕೂತವರಿಗೆ ‘ಇದು’ ಯಾವುದು, ‘ಇಲ್ಲಿ’ ಎಲ್ಲಿ ಎಂಬುದು ದೇವರಿಗೇ ಪ್ರೀತಿ. ಮೂರು ಸಭೆಗಳಲ್ಲಿ ಅವಳು ಇದನ್ನು ಹೇಳಿದ್ದಳು. ಮೂರು ಸಲವೂ ತಮ್ಮ “ಮುಂದಿನ ಸಲ ನೋಡೋಣ” ಎಂದಿದ್ದ. ನಾಲ್ಕನೇ ಸಲಕ್ಕೆ ಬೆರಳು ಒತ್ತಿದ.

“ನೋಡಿದ್ಯಾ ನಿನ್ನ ಮಾಮನ್ನ?” ಎಂದಳು ಅವಳು, ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಮಗಳಿಗೆ. “ಅವನಿಗೆ ಮಾತು ಕಲಿಸಿದ ಬಾಯಿ ಇದು.”

“ಬಿಡಮ್ಮ. ಮುಚ್ಚಿ ಮಲಗು.”

“ಯಾಕೆ ಮುಚ್ಚಲಿ? ಎಲ್ಲಿವರೆಗೆ ಹೋಗ್ತಾನೋ ನೋಡ್ತೀನಿ.”

ಪರದೆಯ ಬಲ ಅಂಚಿನಲ್ಲಿ ಉಳಿದವರ ಮುಖಗಳು ಪುಟ್ಟ ಚೌಕಗಳಲ್ಲಿ ಕಾಣುತ್ತಿದ್ದವು. ಮೇಲಿನಿಂದ ಎರಡನೆಯದು ಒಬ್ಬ ಬಡಗಿಯದು. ಬೇರೆ ಊರಿನವನು, ಸಂಘಕ್ಕೆ ಹೊಸಬ, ಕಾಡಿನಂಚಿನಲ್ಲಿ ಮನೆ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಸಭೆಗೆ ಕೂರುವವನು. ಅಂದು ಅವನ ಮುಂದೆ ಒಂದು ಬುಟ್ಟಿ ಇತ್ತು.

ಡಾಕ್ಟರ್ ಹೊಸ ಚಿತ್ರ ಹಾಕಿದ. ಅಕ್ಕಪಕ್ಕ ಎರಡು ಬಿಳಿ ಅಣಬೆಗಳು. ಗೊತ್ತಿಲ್ಲದವರ ಕಣ್ಣಿಗೆ ಅವಳಿಜವಳಿ. ಮೈಕಕ್ಕನಿಗೆ ಗೊತ್ತಿತ್ತು. ಬಲಗಡೆಯದು ತಿನ್ನುವಂಥದು. ಅದರ ಕೊಡೆಯ ಅಡಿಯ ಎಸಳುಗಳು ತಿಳಿಗೆಂಪು, ಬಲಿತಂತೆ ಕಂದು. ಎಡಗಡೆಯದರ ಎಸಳು ಕೊನೆಯವರೆಗೂ ಹಾಲಿನಂತೆ ಬಿಳಿ, ಬುಡದಲ್ಲಿ ಮಣ್ಣಿನೊಳಗೆ ಹುದುಗಿದ ಒಂದು ಚೀಲ. ಅದು ತಿಂದವನ ಪಿತ್ತಜನಕಾಂಗವನ್ನು ಕರಗಿಸುವಂಥದು.

“ಇದು,” ಎಂದ ಡಾಕ್ಟರ್, “ಧೈರ್ಯವಾಗಿ ತಿನ್ನಬಹುದಾದ್ದು. ಇನ್ನು ಇದು ಇದೆಯಲ್ಲ, ಇದನ್ನ ತಿಂದ್ರೆ ಮಾರನೇ ವರ್ಷದ ಸಭೆಗೆ ನಿಮ್ಮ ಫೋಟೋ ಮಾತ್ರ ಬರತ್ತೆ.”

ನಲವತ್ತು ಜನ ನಕ್ಕರು. ಅವರಿಗೆ ಚುಕ್ಕಿ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಹೋದದ್ದು ಕಂಡಿತ್ತು. ಮನೆಯಲ್ಲಿದ್ದ ಆರು ಜನಕ್ಕೆ ಕಂಡದ್ದು ಅಲುಗಾಡದ ಎರಡು ಅಣಬೆ. ಎಡದಿಂದ ಬಲಕ್ಕೆ ಓದುವ ಯಾರಿಗೇ ಆದರೂ ಮೊದಲನೆಯ ‘ಇದು’ ಎಡಗಡೆಯದೇ.

ಬಡಗಿ ಬುಟ್ಟಿಯಿಂದ ಒಂದು ಅಣಬೆ ತೆಗೆದು ಕ್ಯಾಮೆರಾದ ಹತ್ತಿರ ಹಿಡಿದ. ತಿರುಗಿಸಿ ಅಡಿ ತೋರಿಸಿದ. ಅವನ ಚೌಕದ ತುಂಬ ಬಿಳಿ ಎಸಳು. ಕಾಂಡವನ್ನು ಚಾಕುವಿನಿಂದ ಮಣ್ಣಿನ ಮೇಲೆಯೇ ಕತ್ತರಿಸಿದ್ದ, ಬುಡದ ಚೀಲ ಕಾಡಿನಲ್ಲೇ ಉಳಿದಿತ್ತು. ಅವನ ತುಟಿ ಅಲ್ಲಾಡಿತು. ‘ಇದೇನಾ?’ ಎಂದು ಕೇಳುತ್ತಿದ್ದಾನೆಂದು ಮಗಳಿಗೂ ತಿಳಿಯಿತು.

ಅದೇ ಹೊತ್ತಿಗೆ ಸಭಾಂಗಣದ ಹಿಂದಿನ ಸಾಲಿನಿಂದ ಯಾರೋ, “ಡಾಕ್ಟ್ರೇ, ಬಲಗಡೆದು ತಾನೇ?” ಎಂದು ಕೇಳಿದರು. ಹಿಂದಿನ ಸಾಲಿನ ಮಾತು ವೇದಿಕೆಯ ಮೈಕಿಗೆ ಸಿಗುವುದಿಲ್ಲ. ಮನೆಯವರಿಗೆ ಕೇಳಿದ್ದು ಡಾಕ್ಟರ ಉತ್ತರ ಮಾತ್ರ.

“ಹೌದು ಹೌದು, ಅದೇ. ಕಣ್ಣು ಮುಚ್ಚಿಕೊಂಡು ಹುರಿದು ತಿನ್ನಿ!”

ಬಡಗಿ ಮುಖವರಳಿಸಿ ಹೆಬ್ಬೆರಳು ಎತ್ತಿದ. ಬುಟ್ಟಿ ಎತ್ತಿಕೊಂಡು ಎದ್ದುಹೋದ.

“ಅಯ್ಯೋ, ಬೇಡ! ಬೇಡಪ್ಪಾ!” ಮೈಕಕ್ಕ ಲ್ಯಾಪ್‌ಟಾಪಿಗೆ ಕೂಗಿದಳು. ಮೈಕಿನ ಗುರುತಿನ ಮೇಲೆ ಕೆಂಪು ಗೆರೆ ಹಾಗೇ ಇತ್ತು. ಒತ್ತಿದಳು, ಮತ್ತೆ ಒತ್ತಿದಳು. ಅನುಮತಿ ಇಲ್ಲ ಎಂಬ ಸೂಚನೆ ಬಂತು. “ಅನುಮತಿ ಅಂತೆ! ಇವನಪ್ಪನ ಅನುಮತಿ!”

“ನಿನ್ನಪ್ಪನೂ ಅವರೇ ಅಲ್ವೇನಮ್ಮ,” ಎನ್ನುತ್ತಲೇ ಮಗಳು ಫೋನ್ ಎತ್ತಿಕೊಂಡು ಮಾಮನಿಗೆ ಕರೆ ಮಾಡಿದಳು. ರಿಂಗಾಗಿ ನಿಂತಿತು. ಸಭೆಗೆ ಬಂದವರೆಲ್ಲ ಫೋನಿನ ಸದ್ದು ಅಡಗಿಸಿ ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಬೇಕೆಂಬುದು ಸಂಘದ ಇನ್ನೊಂದು ನಿಯಮ. ಕಾರ್ಯದರ್ಶಿಯ ಫೋನೂ ಅಲ್ಲೇ. ಬಡಗಿಯ ನಂಬರು ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ.

ಮೈಕಕ್ಕ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ‘ತಿನ್ನಬೇಡಿ, ವಿಷ’ ಎಂದು ಬರೆದು ಕ್ಯಾಮೆರಾದ ಮುಂದೆ ಹಿಡಿದಳು. ಪರದೆಯಲ್ಲಿ ಅಕ್ಷರಗಳು ಉಲ್ಟಾ ಕಂಡವು.

“ಹಾಳಾದ್ದು, ಇದೂ ಹಿಂದುಮುಂದು!”

“ನಿನಗೆ ಮಾತ್ರ ಹಾಗೆ ಕಾಣೋದಮ್ಮ, ಕನ್ನಡಿ ಥರ. ಅವರಿಗೆ ಸರಿಯಾಗೇ ಕಾಣತ್ತೆ. ಹಿಡಕೋ, ಅಲ್ಲಾಡಿಸಬೇಡ.”

ಅದು ಸರಿಯಾಗಿಯೇ ಕಂಡಿತೆಂಬುದಕ್ಕೆ ಸಾಕ್ಷಿ ಬೇಗ ಸಿಕ್ಕಿತು. ಮೇಲಿನ ಚೌಕದ ಕನ್ನಡಕದ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಒಂದು ಕಾಗದ ಹುಡುಕಿ ತಾನೂ ಅದನ್ನೇ ಬರೆದು ಹಿಡಿದಳು. ಕೆಳಗಿನವನು ಪುಸ್ತಕದ ರಟ್ಟಿನ ಮೇಲೆ ಬರೆದ. ಇನ್ನೊಬ್ಬರು, ಮತ್ತೊಬ್ಬರು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದ ಐದು ಜನ, ಅಕ್ಷರ ನಿಷೇಧಿಸಿದ ಸಂಘದ ಐದು ಸದಸ್ಯರು, ಐದು ಕಾಗದ ಹಿಡಿದು ಕೂತರು. ಅವರೆದುರು ಬಡಗಿಯ ಚೌಕದಲ್ಲಿ ಖಾಲಿ ಕುರ್ಚಿ, ಅದರಾಚೆ ಅಡುಗೆಮನೆಯ ಬಾಗಿಲಿನ ಬೆಳಕು.

ಡಾಕ್ಟರ್ ಮುಂದಿನ ಚಿತ್ರಕ್ಕೆ ಹೋಗಿದ್ದ. “ಇಲ್ಲಿ ನೋಡಿ, ಎಷ್ಟು ಚೆನ್ನಾಗಿದೆ,” ಎನ್ನುತ್ತಿದ್ದ.

“ಕಾರು ತೆಗಿ,” ಎಂದಳು ಮೈಕಕ್ಕ.

“ಅಮ್ಮ, ನೀನು ಹತ್ತೋಕಾಗಲ್ಲ. ನಾನೊಬ್ಬಳೇ ಹೋಗ್ತೀನಿ.”

“ನೀನು ಹತ್ತು. ನಾನು ಕೆಳಗಿರ್ತೀನಿ. ತೆಗಿ ಅಂದೆ.”

ಗ್ರಂಥಾಲಯದ ಮುಂದೆ ಕಾರು ನಿಲ್ಲುತ್ತಲೇ ಮಗಳು ಎರಡೆರಡು ಮೆಟ್ಟಿಲು ಹಾರಿ ಮೇಲೇರಿದಳು. ಸೆಕೆಗೆ ಸಭಾಂಗಣದ ಬಾಗಿಲು ತೆರೆದೇ ಇತ್ತು. ಒಳಗೆ ದೀಪ ಆರಿಸಿದ್ದರು. ಬಾಗಿಲ ಪಕ್ಕದ ಕುರ್ಚಿಯಿಂದ ಕಾರ್ಯದರ್ಶಿ ಎದ್ದು ತುಟಿಯ ಮೇಲೆ ಬೆರಳಿಟ್ಟ.

“ಶ್! ಮಾತಾಡ್ತಿದಾರೆ.”

“ಸರ್, ಒಬ್ರು ವಿಷದ ಅಣಬೆ ಹುರೀತಿದಾರೆ. ಆ ಬಡಗಿ, ಆನ್‌ಲೈನ್‌ನಲ್ಲಿ ಇದ್ರಲ್ಲ. ಅವರ ನಂಬರ್ ಬೇಕು.”

“ಯಾರಮ್ಮ ಹೇಳಿದ್ದು?”

“ನಾವೇ ನೋಡಿದ್ವಿ. ನಮ್ಮಮ್ಮ ನೋಡಿದ್ರು.”

“ಓ, ಮೈಕಕ್ಕನಾ?” ಅವನು ನಕ್ಕ. ಆ ನಗು ಮಗಳಿಗೆ ಬಹಳ ದಿನ ಮರೆಯಲಿಲ್ಲ. “ಅಲ್ಲಿಂದಲೇ ಜಗಳ ಸಾಲ್ದು ಅಂತ ನಿಮ್ಮನ್ನ ಬೇರೆ ಕಳಿಸಿದ್ರಾ? ಇದೊಂದು ಮುಗೀಲಿ, ಡಾಕ್ಟ್ರಿಗೆ ಹೇಳ್ತೀನಿ.”

ಆಗ ಕೆಳಗಿನಿಂದ ಆ ಧ್ವನಿ ಬಂತು.

ಮೈಕಕ್ಕ ಮೆಟ್ಟಿಲ ಬುಡದಲ್ಲಿ ಊರುಗೋಲು ಊರಿ, ತಲೆಯೆತ್ತಿ ನಿಂತಿದ್ದಳು. ಸೊಂಟದಲ್ಲಿ ಇಲ್ಲದ ಬಲ ಎದೆಯಲ್ಲಿತ್ತು. ಮೆಟ್ಟಿಲಿನ ಬಾವಿಯಂಥ ಜಾಗ ಆ ದನಿಯನ್ನು ನೇರ ಎರಡನೇ ಮಹಡಿಗೆ ಎತ್ತಿಕೊಟ್ಟಿತು.

“ಎರಡನೇ ಮಹಡಿಯಲ್ಲಿರುವವರ ಗಮನಕ್ಕೆ! ಎರಡನೇ ಮಹಡಿಯಲ್ಲಿರುವವರ ಗಮನಕ್ಕೆ! ನಿಮ್ಮ ಅಧ್ಯಕ್ಷರ ಮಾತು ನಂಬಿ ಬಡಗಿಯೊಬ್ಬ ಎಡಗಡೆಯ ಅಣಬೆಯನ್ನ ಹುರೀತಿದಾನೆ! ಅವನ ನಂಬರ್ ಇರುವವರು ಕೂಡಲೇ ಫೋನ್ ಎತ್ತಿಕೊಂಡು ಕೆಳಗೆ ಬರಬೇಕು! ಉಳಿದವರು ದಾರಿ ಬಿಡಬೇಕು!”

ದೀಪ ಹತ್ತಿತು. ಚೆಸ್ ಆಡುತ್ತಿದ್ದ ನೆಲಮಹಡಿಯವರೂ ಹೊರಗೆ ಬಂದರು. ಡಾಕ್ಟರ್ ಕೈಯಲ್ಲಿ ಲೇಸರ್ ಪೆನ್ನು ಹಿಡಿದುಕೊಂಡೇ ಮೆಟ್ಟಿಲಿಳಿದ. ಕಾರ್ಯದರ್ಶಿ ಬುಟ್ಟಿಯಲ್ಲಿ ತನ್ನ ಫೋನ್ ಹುಡುಕಿ, ನಂಬರ್ ಒತ್ತುತ್ತಾ ಹಿಂದೆ ಬಂದ. ಮಗಳು ಫೋನನ್ನು ಅವನ ಕೈಯಿಂದ ಕಸಿದು ಅಮ್ಮನಿಗೆ ಕೊಟ್ಟಳು.

ಎತ್ತಿದವಳು ಬಡಗಿಯ ಹೆಂಡತಿ.

“ಅಣಬೆ ತಿಂದ್ರಾಮ್ಮ?”

“ಇವರು ತಿಂದ್ರು. ನಾನಿನ್ನೂ ತಟ್ಟೆ ಹಾಕ್ಕೊಂಡಿಲ್ಲ. ಯಾರು ಮಾತಾಡ್ತಿರೋದು?”

“ನಿಮ್ಮ ತಟ್ಟೆ ಹಾಗೇ ಇರಲಿ. ಬಾಯಿಗೆ ಇಡಬೇಡಿ. ಅದು ವಿಷ. ಅವರನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

ಹಿಂದಿನಿಂದ ಬಡಗಿಯ ದನಿ ಕೇಳಿಸಿತು. “ಏನಂತೆ? ನಂಗೇನೂ ಆಗಿಲ್ಲ ಅಂತ ಹೇಳು. ರುಚಿಯಾಗಿತ್ತು ಅನ್ನು. ಡಾಕ್ಟ್ರೇ ಹೌದು ಅಂದ್ರಲ್ಲ.”

“ಈಗ ಏನೂ ಆಗಲ್ಲಪ್ಪಾ,” ಎಂದಳು ಮೈಕಕ್ಕ. ದನಿ ಇಳಿಸಿದ್ದಳು. “ಅದರ ಮೋಸವೇ ಅದು. ನಾಳೆ ಬೆಳಗಿನವರೆಗೆ ಸುಮ್ಮನಿರತ್ತೆ. ಆಮೇಲೆ ಶುರುವಾದ್ರೆ ಹೊತ್ತು ಮೀರಿರತ್ತೆ. ಕಾಯಬೇಡ. ಉಳಿದಿರೋ ಅಣಬೆನೂ ಬುಟ್ಟಿ ಸಮೇತ ತಗೊಂಡು ಹೋಗು, ಅಲ್ಲಿಯವರಿಗೆ ತೋರಿಸು. ಡಾಕ್ಟ್ರು ಹೌದು ಅಂದಿದ್ದು ನಿನಗಲ್ಲ.”

ಅತ್ತ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ ಹೆಂಡತಿ, “ಹೊರಟ್ವಿ,” ಎಂದಳು.

ಫೋನ್ ಹಿಂದಿರುಗಿಸಿ ಮೈಕಕ್ಕ ತಮ್ಮನ ಕಡೆ ತಿರುಗಿದಳು. ಮೆಟ್ಟಿಲ ತುಂಬ ಜನ ನಿಂತಿದ್ದರು.

“ಅಕ್ಕಾ, ಜನರ ಮುಂದೆ ಹೀಗಾ ಕಿರುಚೋದು?” ಎಂದ ಅವನು, ಹಲ್ಲು ಕಚ್ಚಿ.

“ಜನರ ಮುಂದೆ ತಾನೇ ನೀನು ನನ್ನ ಬಾಯಿ ಮುಚ್ಚಿಸಿದ್ದು?”

“ನಾನು ಸರಿಯಾಗೇ ಹೇಳಿದ್ದೀನಿ. ಕೇಳು ಬೇಕಾದ್ರೆ. ಯಾವುದು ವಿಷ, ಯಾವುದು ಅಲ್ಲ ಅಂತ ಸ್ಪಷ್ಟವಾಗಿ ತೋರಿಸಿದ್ದೀನಿ.”

“ಯಾರಿಗೆ?”

ಅವನು ಕೈಯಲ್ಲಿದ್ದ ಲೇಸರ್ ಪೆನ್ನನ್ನು ಜೇಬಿಗೆ ಹಾಕಿಕೊಂಡ.

“ಯಾರಿಗೆ ತೋರಿಸಿದೆ ಪುಟ್ಟಾ? ಈ ನಲವತ್ತು ಜನಕ್ಕೆ. ಅವರಿಗೆ ಹೇಗೂ ಗೊತ್ತು, ಅವರು ಅಂಗಡಿಲೇ ಅಣಬೆ ಕೊಳ್ಳೋರು. ಕಾಡಿನ ಪಕ್ಕ ಇರೋನು ಅಲ್ಲಿ ಕೂತಿದ್ದ. ಕೈಲಿ ಹಿಡಿದು ಕೇಳಿದ. ಅವನ ಬಾಯಿಗೂ ಬೀಗ, ನನ್ನ ಬಾಯಿಗೂ ಬೀಗ. ಕಂಪ್ಯೂಟರನ್ನ ಗೋಡೆ ಕಡೆ ತಿರುಗಿಸಿಟ್ಟು ನೀನು ಜೋಕು ಹೇಳ್ತಿದ್ದೆ.”

“ಚಿತ್ರದ ಮೇಲೆ ಅಕ್ಷರ ಬೇಡ ಅಂತ ನಿಯಮ ಮಾಡಿದ್ದು ನೀನೇ ಅಲ್ವಾ? ಮರೆತ್ಯಾ? ‘ಓದೋನು ನೋಡಲ್ಲ’ ಅಂದಿದ್ದು ನೀನು!”

“ಹೌದು, ನಾನೇ. ಎಲ್ಲರೂ ಒಂದೇ ಕೋಣೇಲಿ, ನೆಲದ ಮೇಲೆ ಕೂತಿದ್ದಾಗ. ಅಣಬೆ ಕೈಯಿಂದ ಕೈಗೆ ಹೋಗ್ತಿದ್ದಾಗ. ನನ್ನ ನಿಯಮ ಇಟ್ಟುಕೊಂಡೆ, ನನ್ನನ್ನ ಮಾತ್ರ ಕೆಳಗೆ ಬಿಟ್ಟೆ.”

ಮೆಟ್ಟಿಲ ಮೇಲಿನಿಂದ ಯಾರೋ, “ಆಯ್ತು ಬಿಡಿ ಮೈಕಕ್ಕ, ದೊಡ್ಡದು ಮಾಡಬೇಡಿ,” ಎಂದರು.

“ಯಾರದು? ಹತ್ತಿರ ಬಂದು ಹೇಳಿ. ನಾನು ಮೇಲೆ ಬರೋಕಾಗಲ್ಲ, ನೀವು ಇಳಿಯಬಹುದಲ್ಲ.”

ಯಾರೂ ಇಳಿಯಲಿಲ್ಲ.

ಬಡಗಿಗೆ ಮಾರನೇ ದಿನ ಬೆಳಗಿನ ಜಾವ ವಾಂತಿ ಭೇದಿ ಶುರುವಾದಾಗ ಅವನು ಆಗಲೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಬಂದ ಕೂಡಲೇ ಇದ್ದಿಲಿನ ಪುಡಿ ಕುಡಿಸಿದ್ದರು, ಅಣಬೆಯನ್ನು ಗುರುತಿಸಿದ್ದರು, ಔಷಧಿ ಹನಿಯುತ್ತಿತ್ತು. ಮೂರನೇ ದಿನ ಅವನ ಕಣ್ಣುಗಳು ಹಳದಿಗೆ ತಿರುಗಿದವು. ಆ ದಿನ ಮೈಕಕ್ಕ ಊಟ ಮಾಡಲಿಲ್ಲ. ತಮ್ಮ ಫೋನ್ ಮಾಡಿ, “ಏನಾದ್ರೂ ಸುದ್ದಿ ಬಂತಾ?” ಎಂದು ಕೇಳಿದ. “ಆಸ್ಪತ್ರೆಯ ನಂಬರ್ ಕೊಡ್ತೀನಿ, ನೀನೇ ಕೇಳು,” ಎಂದು ಕೊಟ್ಟಳು. ಅವನು ಕೇಳಲಿಲ್ಲವೆಂದು ಬಡಗಿಯ ಹೆಂಡತಿಯಿಂದ ಆಮೇಲೆ ತಿಳಿಯಿತು. ವಾರ ಕಳೆದ ಮೇಲೆ ಹಳದಿ ಇಳಿಯತೊಡಗಿತು. ಬಡಗಿ ಬದುಕಿದ.

ಮುಂದಿನ ಸಭೆಯ ಹಿಂದಿನ ದಿನ ಸಂಘದ ಸಮಿತಿ ತುರ್ತಾಗಿ ಸೇರಿತು, ಎರಡನೇ ಮಹಡಿಯಲ್ಲಿ. ಸದಸ್ಯರ ಸುರಕ್ಷತೆಯ ದೃಷ್ಟಿಯಿಂದ ಉಪನ್ಯಾಸಗಳ ಇಂಟರ್ನೆಟ್ ಪ್ರಸಾರವನ್ನು ನಿಲ್ಲಿಸಲಾಗಿದೆ ಎಂಬ ನಿರ್ಣಯ ಎಲ್ಲರ ಫೋನಿಗೂ ಬಂತು. ಕೆಳಗೆ ಅಧ್ಯಕ್ಷರ ಹೆಸರು.

ಮಗಳು ಅದನ್ನು ಗಟ್ಟಿಯಾಗಿ ಓದಿದಳು.

“ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ್ರು,” ಎಂದಳು ಮೈಕಕ್ಕ. “ಅದೂ ತಮ್ಮ ಮೂಗಲ್ಲ, ನಮ್ಮದು.”

“ಮಾಮಂಗೆ ಫೋನ್ ಮಾಡ್ಲಾ?”

“ಬೇಡ. ಬೆಳಿಗ್ಗೆ ಬೇಗ ಎದ್ದು ನನ್ನ ಜೊತೆ ಕಾಡಿಗೆ ಬಾ. ರಸ್ತೆ ಪಕ್ಕವೇ ಸಿಗತ್ತೆ, ದೂರ ಹೋಗೋದು ಬೇಡ. ಎರಡೂ ಬೇಕು ನಂಗೆ, ಬುಡ ಸಮೇತ. ಚಾಕು ಬೇಡ, ಕೈಯಿಂದ ಅಗೀಬೇಕು.”

ಮರುದಿನ ತಿಂಗಳ ಸಭೆ. ಆರಕ್ಕೆ ಮೊದಲೇ ಮೈಕಕ್ಕ ಗ್ರಂಥಾಲಯದ ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಮುಂದೆ ಚೆಸ್ ಆಡುವವರಿಂದ ಕೇಳಿ ಪಡೆದ ಮೇಜು, ಅದರ ಮೇಲೆ ಎರಡು ಬಿಳಿ ಅಣಬೆ. ಮಗಳು ಫೋನನ್ನು ಒಂದು ಗಾಜಿನ ಲೋಟಕ್ಕೆ ಆನಿಸಿ ನಿಲ್ಲಿಸಿದಳು. ಕಾರ್ಯದರ್ಶಿಯಿಂದ ನಂಬರು ಪಡೆದು ಅವಳು ಕರೆದಿದ್ದ ಮನೆಗಳ ಐವರ ಮುಖಗಳು ಅದರಲ್ಲಿ ಮೂಡಿದವು. ಮೇಲೆ ಹೋಗಲು ಬಂದವರು ಅವಳನ್ನು ದಾಟಿಯೇ ಹೋಗಬೇಕಿತ್ತು. ಕೆಲವರು ತಲೆ ತಗ್ಗಿಸಿ ದಾಟಿದರು. ಕೆಲವರು ನಿಂತರು. ನಿಂತವರು ಕುರ್ಚಿ ಹುಡುಕಿಕೊಂಡರು.

ಡಾಕ್ಟರ್ ಬಂದ. ಮೇಜನ್ನು ನೋಡಿದ, ಫೋನನ್ನು ನೋಡಿದ.

“ಅಕ್ಕಾ, ಏನಿದು?”

“ಸಭೆ.”

“ಮೇಲೆ ಜನ ಕಾಯ್ತಿದಾರೆ.”

“ಹೋಗು. ನಿನ್ನ ಚುಕ್ಕಿ ಮರೀಬೇಡ.”

ಅವನು ಹತ್ತಿಹೋದ. ಅಂದು ಮೇಲಿನ ಸಭೆಯಲ್ಲಿ ಹನ್ನೊಂದು ಜನರಿದ್ದರೆಂದು ಕಾರ್ಯದರ್ಶಿಯೇ ನಂತರ ಹೇಳಿದ್ದಾನೆ.

ಕೆಳಗೆ ಮೈಕಕ್ಕ ಒಂದು ಅಣಬೆಯನ್ನು ಎತ್ತಿ ಹಿಡಿದು, ಫೋನಿನ ಕಡೆ ಮುಖ ಮಾಡಿ, “ಬುಡದಲ್ಲಿ ಚೀಲ ಇರೋದು, ಎಸಳು ಬಿಳಿ ಇರೋದು, ಈಗ ನನ್ನ ಕೈಲಿರೋದು, ವಿಷ,” ಎಂದಳು. “ಎಲ್ಲರಿಗೂ ಕಂಡಿತಾ? ಕಾಣದೋರು ಈಗಲೇ ಹೇಳಿ. ಎಲ್ಲರ ಮೈಕೂ ತೆರೆದಿದೆ.”

ಮೊದಲು ಮಾತಾಡಿದವನು ಬಡಗಿ. ಅಣಬೆಯನ್ನು ಇನ್ನೊಂದು ಸಲ ತಿರುಗಿಸಿ ತೋರಿಸಲು ಕೇಳಿದ. ಅವಳು ತಿರುಗಿಸಿ ತೋರಿಸಿದಳು.